ಜವರ ಕೋರ್ಟಿಗೆ ಒಪ್ಪಿಸಿ ಬಂದದ್ದು

ಜವರನಿಗೆ ಒಂದು ಅಭ್ಯಾಸ. ಯಾವ ಕೆಲಸ ಮುಗಿಸಿ ಬಂದರೂ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಲ್ಲುತ್ತಿದ್ದ. "ಆಯ್ತವ್ವಾ. ಈಗೇನ್ ಮಾಡ್ಲಿ?" ಅನ್ನುತ್ತಿದ್ದ. ಅವ್ವ ಹೇಳುವ ತನಕ ಹೊರಗಿನ ಕಾಲು ಒಳಗೆ ಬರುತ್ತಿರಲಿಲ್ಲ. ಒಮ್ಮೆ ಅವ್ವ ನಿದ್ದೆ ಹೋಗಿದ್ದಾಗ ಮಳೆಯಲ್ಲಿ ಹಾಗೇ ನಿಂತು ಅರ್ಧ ಮಾತ್ರ ನೆಂದಿದ್ದ.

ಅವ್ವ ದೇವೀರಮ್ಮ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಯಲ್ಲೇ ಮೊದಲು ಅತ್ತವರು. "ಊರ ಮಕ್ಕಳಿಗೆಲ್ಲ ಬುದ್ಧಿ ಇದೆ, ನನ್ನ ಹೊಟ್ಟೇಲಿ ಹುಟ್ಟಿದ್ದಕ್ಕೇ ಇಲ್ಲ!" ಅಂತ ಹಣೆ ಚಚ್ಚಿಕೊಳ್ಳುತ್ತಿದ್ದಳು. ಈಗ ಕಾಲು ಊದಿ, ಜ್ವರ ಬಂದು ಚಾಪೆ ಹಿಡಿದಿದ್ದಳು. "ಜೀವ ಇರೋ ತನಕ ನನ್ನ ಈ ಹೊಸ್ತಿಲು ದಾಟಿಸಬೇಡ ಕಣೋ. ಇಲ್ಲೇ ಕಣ್ಣು ಮುಚ್ತೀನಿ." ಅವಳಿಗೆ ಬೇಕಾಗಿದ್ದು ಅಷ್ಟೇ.

ಅಷ್ಟರಲ್ಲಿ ಪಟೇಲರ ಮನೆಯ ಅವಳಿ ಗಂಡುಮಕ್ಕಳು, ನಾನು ಹಿರಿಯ, ನಾನು ಹಿರಿಯ ಅಂತ ಕೋರ್ಟು ಮೆಟ್ಟಿಲು ಹತ್ತಿದರು. ದೇವೀರಮ್ಮನಿಗೆ ಸಮನ್ಸು ಬಂತು: ಅವರ ಹುಟ್ಟಿನ ಕಾಗದಪತ್ರ ತಂದು ಹಾಜರುಪಡಿಸು.

"ನಾನು ಕೂಸು ಹಿಡಿದವಳಪ್ಪ, ಕಾಗದ ಹಿಡಿದವಳಲ್ಲ! ಜವರಾ, ನೀನೇ ಹೋಗು. ಏನು ಕೇಳಿದರೂ ಇಲ್ಲ ಅನ್ನು."

ಹೋದ. ಕೋರ್ಟಿನ ಜವಾನ ಕೂಗಿದ, "ದೇವೀರಮ್ಮನ ಕಡೆಯವರು ಇದ್ದಾರಾ?"

"ಇಲ್ಲ!"

"ನೀನು ಅವಳ ಮಗ ಅಲ್ವೇನಯ್ಯ?"

"ಇಲ್ಲ!"

ಯಾರೂ ಬರಲಿಲ್ಲ ಅಂತ ಬರೆದುಕೊಂಡರು. ಇನ್ನೊಂದು ಸಮನ್ಸು ಬಂತು.

"ಅಯ್ಯೋ ಮಂಕುದಿಣ್ಣೆ! ಹೆಸರು ಕೂಗಿದಾಗ ಇದ್ದೀನಿ ಅನ್ನಬೇಕು ಕಣೋ!"

"ಆಗ್ಲವ್ವಾ."

ಹೋದ. ಜವಾನ ಮೊದಲು ಕೂಗಿದ್ದು ಒಬ್ಬ ಕುರಿಕಳ್ಳನ ಹೆಸರು. "ಇದ್ದೀನಿ!" ಅಂದ ಜವರ. ಕಟಕಟೆ ಹತ್ತಿಸಿದರು. ನಿಜವಾದ ಕಳ್ಳ ಬೀಡಿ ಆರಿಸಿ ಮೆಲ್ಲಗೆ ಜಾಗ ಖಾಲಿ ಮಾಡಿದ. ಬೀಳಬೇಕಾದ್ದೆಲ್ಲ ಜವರನ ಕೆನ್ನೆಗೆ ಬಿದ್ದ ಮೇಲೆ ಗುಮಾಸ್ತ ಗುರುತು ಹಿಡಿದು ಗದರಿದ.

"ಥೂ ಪೆದ್ದ! ಕಾಗದ ಇಲ್ಲದಿದ್ದರೆ ಇಲ್ಲ ಅಂತ ಹೇಳೋದೇ ಉತ್ತರ, ಅದೂ ಬರದಾ? ಸಾಹೇಬರು ಎದ್ದು ಹೋದರು. ನಾಳೆ ನಿಮ್ಮ ಹತ್ರ ಏನಿದೆಯೋ ಅದನ್ನ ತಂದು ಒಪ್ಪಿಸಿ ಹೋಗು. ಇಲ್ಲದಿದ್ದರೆ ಪೊಲೀಸರು ಬಂದು ನಿಮ್ಮವ್ವನ್ನ ಎಳ್ಕೊಂಡು ಬರ್ತಾರೆ!"

ಊದಿದ ಕೆನ್ನೆ ನೋಡಿ ಅವ್ವ ಅತ್ತಳು. "ಕಂಡವರ ಹೆಸರಿಗೆಲ್ಲ ಯಾಕೋ ಓಗೊಟ್ಟೆ? ಇನ್ನು ಆ ದಾರೀಲಿ ಯಾರು ಕರೆದರೂ ಬಾಯಿ ಬಿಡಬೇಡ!"

"ಆಗ್ಲವ್ವಾ. ಇರೋದನ್ನ ಒಪ್ಪಿಸಬೇಕಂತೆ. ನಮ್ಮ ಹತ್ರ ಏನಿದೆ?"

"ಏನಿದೆ ಮಗಾ? ನಿನಗೆ ಇರೋದು ನಾನೊಬ್ಬಳು."

ಅಂತ ಅವನ ಕೆನ್ನೆ ಸವರಿ, ಜ್ವರದಲ್ಲೇ ಗೋಡೆ ಕಡೆ ಹೊರಳಿದಳು.

ಬೆಳಗಾಯಿತು. ಅವ್ವನ್ನ ಹೊಸ್ತಿಲು ದಾಟಿಸಬಾರದಲ್ಲ! ಜವರ ಹಾರೆ ತಂದು ಹಿತ್ತಿಲ ಗೋಡೆ ಒಡೆದ. ಅವಳನ್ನು ಚಾಪೆ ಸಮೇತ ಸುತ್ತಿ ಹೆಗಲಿಗೆ ಹಾಕಿಕೊಂಡ. ತೂತಿನಿಂದ ಹೊರಬಿದ್ದ.

"ಎಲ್ಲಿಗೋ ಮಗಾ?"

ಯಾರು ಕರೆದರೂ ಬಾಯಿ ಬಿಡಬೇಡ ಅಂದಿದ್ದಳಲ್ಲ. ಬಿಡಲಿಲ್ಲ.

"ಜವರಾ, ಇಳಿಸೋ... ಮನೆಗೆ ಹೋಗೋಣ ಕಣೋ..."

ಬಿಡಲಿಲ್ಲ. ಕೆರೆ ಏರಿ ದಾಟುವ ಹೊತ್ತಿಗೆ ಅವಳೂ ಮಾತು ನಿಲ್ಲಿಸಿದಳು.

ಗುಮಾಸ್ತ ತಲೆ ಎತ್ತಲಿಲ್ಲ. "ತಂದ್ಯಾ? ಆ ಮೂಲೇಲಿಟ್ಟು ಹೋಗು."

ಧೂಳು ಹಿಡಿದ ಕಾಗದದ ಕಟ್ಟುಗಳ ಪಕ್ಕ ಮೆಲ್ಲಗೆ ಇಟ್ಟ. ಚಾಪೆಯಿಂದ ಆಚೆ ಬಂದಿದ್ದ ಅವಳ ಕೈಯನ್ನು ಒಳಗೆ ಸೇರಿಸಿದ. ಈ ಸಲ ಯಾರೂ ಬೈಯಲಿಲ್ಲ. ಅದೇ ಹಿಗ್ಗಿನಲ್ಲಿ ಊರ ದಾರಿ ಹಿಡಿದ.

ಬಂದು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತ. ಒಡೆದ ಗೋಡೆಯಿಂದ ಬಿಸಿಲು ಬಂದು ಖಾಲಿ ನೆಲದ ಮೇಲೆ ಬಿದ್ದಿತ್ತು.

"ಆಯ್ತವ್ವಾ. ಇರೋದನ್ನೆಲ್ಲ ಒಪ್ಪಿಸಿ ಬಂದೆ. ಈಗೇನ್ ಮಾಡ್ಲಿ?"

ಬಿಸಿಲು ಗೋಡೆ ಹತ್ತಿತು, ಇಳಿಯಿತು. ಹೊರಗಿನ ಕಾಲು ಹೊರಗೇ ಇತ್ತು.

"ಹೇಳವ್ವಾ."