ಶುಭ ಶುಕ್ರವಾರದ ಗಂಟೆ

ಯೇಸು ಮರಣಿಸಿದ ದಿನವಾದ ಶುಭ ಶುಕ್ರವಾರದಂದು ಮೊಳಗಬಾರದೆಂದು ಇಗರ್ಜಿಯ ಗಂಟೆಯ ಹಗ್ಗವನ್ನು ಮೇಲೆ ಕಟ್ಟಿದ್ದರು. ಗಂಟೆ ಚಡಪಡಿಸುತ್ತಿತ್ತು. ಬಲಿಪೀಠದ ಪಕ್ಕ ಗೂಡು ಕಟ್ಟಿದ್ದ ಗುಬ್ಬಿ ಗೋಪುರಕ್ಕೆ ಹಾರಿಬಂತು.

“ಇವತ್ತು ಯಾರೂ ಬಂದಿರಲಿಕ್ಕಿಲ್ಲ, ಅಲ್ಲವೇ?” ಎಂದು ಗಂಟೆ ಕೇಳಿತು.

“ಒಳಗೆ ಕಾಲಿಡಲು ಜಾಗವಿಲ್ಲ,” ಎಂದಿತು ಗುಬ್ಬಿ.

“ನಾನು ಮೊಳಗದೆಯೇ? ಒಂದು ಹೊತ್ತೂ ತಪ್ಪದೆ ಎಲ್ಲರನ್ನೂ ಒಳಗೆ ಕಳಿಸಿದ್ದು ನಾನು. ನನ್ನನ್ನು ಮಾತ್ರ ಯಾರೂ ಕರೆಯಲಿಲ್ಲ. ನೀನು ಯಾವ ನೇಮ ಪಾಲಿಸಿ ಒಳಗೆ ಸೇರಿದೆ?”

“ನೇಮ ಯಾವುದೂ ಇಲ್ಲ. ಒಳಗಿರುವವನು ಕರೆದ, ಹೋದೆ. ನಿನ್ನನ್ನೂ ದಿನವೂ ಕರೆಯುತ್ತಾನೆ. ಆಗೆಲ್ಲ ನೀನು ಮೊಳಗುತ್ತಿರುತ್ತೀಯ.”

ಗಂಟೆ ಅಲುಗದೆ ಕಿವಿಗೊಟ್ಟಿತು.

ಈಸ್ಟರ್ ಹಬ್ಬಕ್ಕೆ ಹಗ್ಗ ಬಿಚ್ಚಲು ಬಂದವನನ್ನು ಅದು ಬೇಡಿಕೊಂಡಿತು: “ಇನ್ನೊಂದು ಗಳಿಗೆ ತಾಳಪ್ಪಾ, ಕೇಳಿಸುತ್ತಿದೆ.”