ಮಾಳವ್ವನ ಹುಳಿಗಡಿಗೆ

ಬಹಳ ಹಿಂದೆ, ನಮ್ಮ ತಾತನ ತಾತ ಇನ್ನೂ ಹುಟ್ಟದಿದ್ದಾಗ, ಹೊಳೆದಂಡೆಯ ಒಂದೂರಲ್ಲಿ ಬೆಸ್ತರ ಮಾಳವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡ ಮೇಲೆ ಅಣ್ಣ ಕೆಂಚಣ್ಣನ ಮನೆ ಸೇರಿದ್ದಳು. ಊರವರೆಲ್ಲ ಸೇರಿ ಹೊಂಡ ತೋಡಿ, ತೌಡು ಹಿಂಡಿ ಹಾಕಿ ಗೆಂಡೆಮೀನು ಸಾಕುತ್ತಿದ್ದರು. ಹೊಂಡ ನೋಡಿಕೊಳ್ಳುವವನು ಕೆಂಚಣ್ಣ, ಹಿಡಿದ ಮೀನು ಕೊಯ್ದು ಹಸನು ಮಾಡುವವಳು ಮಾಳವ್ವ.

ಒಂದು ವರ್ಷ ಮೀನು ಸಾಯತೊಡಗಿದವಂತೆ. ಮೇವು ಮುಟ್ಟವು, ಹಿಂದೆ ಬಿಳಿ ನೂಲಿನಂಥ ಮಲ ಎಳೆದುಕೊಂಡು ತಿರುಗುವವು, ಬೆಳಗಾದರೆ ತೇಲುವವು. ಗಂಗಮ್ಮನಿಗೆ ಕೋಳಿ ಕೊಟ್ಟರು, ನಿಲ್ಲಲಿಲ್ಲ. ಸುಣ್ಣ ಸುರಿದು ಇದ್ದಬದ್ದ ಮೀನನ್ನೆಲ್ಲ ಕೊಂದು, ಮುಂದಿನ ಮಳೆಗೆ ಹೊಸ ಮರಿ ಬಿಡುವುದೆಂದು ಕೆಂಚಣ್ಣ ತೀರ್ಮಾನಿಸಿದ. ಅಲ್ಲಿಯವರೆಗೆ ಊರು ಏನು ಉಣ್ಣಬೇಕು ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಮಾಳವ್ವ ಸತ್ತ ಮೀನು ಕೊಯ್ದು ನೋಡಿದಳು. ಕರುಳು ಕೆಂಪಗೆ, ತೆಳ್ಳಗೆ, ಬೆರಳು ತಾಗಿದರೆ ಹರಿಯುತ್ತಿತ್ತು. ಹೊಳೆಯ ಗೆಂಡೆಯ ಕರುಳು ಹಾಗಲ್ಲ. ಗಟ್ಟಿ, ಒಳಗೆಲ್ಲ ಲೋಳೆ. ಆ ಲೋಳೆಯಲ್ಲೇ ಏನೋ ಇದೆ ಅನ್ನಿಸಿತು ಅವಳಿಗೆ. ಹೊಳೆಯ ಗೆಂಡೆ ಹಿಡಿದು ತಂದು, ಆ ಲೋಳೆ ಕೆರೆದು, ಬೆಲ್ಲದ ನೀರಲ್ಲಿ ಕಲಸಿದ ತೌಡಿಗೆ ಸೇರಿಸಿ, ಗಡಿಗೆ ಬಾಯಿ ಕಟ್ಟಿ ಒಲೆ ಪಕ್ಕ ಇಟ್ಟಳಂತೆ. ತೌಡು ಉಬ್ಬಿ, ಅಂಬಲಿಯ ಹಾಗೆ ಹುಳಿ ಬಂತು.

ಇದನ್ನು ಹೊಂಡದ ಮೀನಿಗೆ ಹಾಕುತ್ತೇನೆ ಅಂದಾಗ ಅತ್ತಿಗೆ ಮೂಗು ಮುಚ್ಚಿಕೊಂಡಳು. ಮೀನಿನ ಕರುಳು ಮೀನಿಗೇ ತಿನ್ನಿಸುವುದು ಪಾಪ ಅಂದರು ಊರವರು.

"ಉಳಿದವೂ ಸತ್ತರೆ ಊರು ಕೇಳೋದು ನನ್ನನ್ನ, ಮಾಳಿ," ಅಂದ ಕೆಂಚಣ್ಣ.

"ಸುಣ್ಣ ಹಾಕಿದ್ರೂ ಸಾಯ್ತವಲ್ಲಣ್ಣ. ಒಂದು ಮೂಲೆ ನನಗೆ ಬಿಡು."

ವಿಷವಲ್ಲ ಅಂತ ತೋರಿಸಲು ಆ ಹುಳಿಯನ್ನು ಹಿಡಿತುಂಬ ತಿಂದಳಂತೆ. ಬೆರಳ ತುದಿ ನೆಕ್ಕಿದಳಷ್ಟೇ ಅನ್ನುವವರೂ ಇದ್ದಾರೆ.

ಬಿದಿರ ತಟ್ಟಿ ನೆಟ್ಟು ಹೊಂಡದ ಮೂಲೆಯೊಂದನ್ನು ಬೇರೆ ಮಾಡಿದಳು. ಅಲ್ಲಿಯ ಮೀನಿಗೆ ದಿನವೂ ಹುಳಿ ಬೆರೆಸಿದ ಮೇವು. ಮೊದಮೊದಲು ಅಲ್ಲೂ ಸತ್ತವು. ಮನೆಯಲ್ಲಿ ಅವಳೊಡನೆ ಯಾರೂ ಮಾತಾಡಲಿಲ್ಲ. ತಾನೇ ಕೊಲ್ಲುತ್ತಿದ್ದೇನೇನೋ ಅನ್ನುವ ಅಳುಕು ಅವಳಿಗೂ ಹತ್ತಿತಂತೆ, ಆದರೂ ಗಡಿಗೆ ಚೆಲ್ಲಲಿಲ್ಲ. ಬರಬರುತ್ತ ಸಾವು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ತಟ್ಟಿಯಾಚೆ ಮಾತ್ರ ಮೀನು ತೇಲುತ್ತಲೇ ಇದ್ದವು.

ಒಂದು ಬೆಳಿಗ್ಗೆ ಕೆಂಚಣ್ಣ ಗಡಿಗೆ ಹೊತ್ತು ತಂದು, ಹುಳಿಮೇವನ್ನು ಇಡೀ ಹೊಂಡಕ್ಕೆ ಎರಚಿದ. ಸುಣ್ಣದ ಮೂಟೆ ದಡದಲ್ಲೇ ಮಳೆಗೆ ನೆಂದು ಕಲ್ಲಾಯಿತಂತೆ.

ಆಮೇಲೆ ಮಾಳವ್ವನ ನೆರಳು ಕಂಡರೆ ಮೀನು ದಡಕ್ಕೆ ಬರುತ್ತಿದ್ದವಂತೆ. ಅವಳು ಸತ್ತ ದಿನ ಮೇವು ಮುಟ್ಟಲಿಲ್ಲವಂತೆ. ಕಂಡವರು ಯಾರೂ ಉಳಿದಿಲ್ಲ.

ಈಗಲೂ ಆ ಊರಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಬಲೆ, ದೋಣಿ, ಪಾತ್ರೆ ಎಲ್ಲ ಹಂಚಿಕೊಳ್ಳುತ್ತಾರೆ. ಹುಳಿಗಡಿಗೆಯನ್ನು ಮಾತ್ರ ಹಂಚುವುದಿಲ್ಲ. ಮಾತು ಬಿಟ್ಟವರೂ ಹೊಸ ತೌಡಿಗೆ ಹೆಪ್ಪು ಹಾಕಲು ಹಿಡಿ ಹುಳಿಗೆ ಒಬ್ಬರ ಬಾಗಿಲಿಗೆ ಒಬ್ಬರು ಹೋಗುತ್ತಾರೆ. ಕೇಳಿ ಬಂದವರಿಗೆ ಇಲ್ಲ ಅನ್ನುವಂತಿಲ್ಲ.