ಊಟ ಆದ ಮೇಲೆ ಒಂದು ಮಾತ್ರೆ

ಬಾಗ್ಲು ಹಾಕಿದ್ದೀರಾ? ಅಗುಳಿ ಬಿಗಿಯಾಗಿದೆಯಾ? ಸರಿ, ಹತ್ರ ಬಂದು ಕೂತ್ಕೊಳ್ಳಿ. ಬೇಗ ಹೇಳ್ತೀನಿ, ನಿಧಾನಕ್ಕೆ ಹೇಳೋ ಕತೆಯಲ್ಲ ಇದು.

ಒಂದು ಕಬ್ಬಿನ ಸೀಮೆ. ಅಲ್ಲೊಬ್ಬಳು ಚಿಕ್ಕತಾಯವ್ವ. ಅವಳಿಗೊಬ್ಬ ಮಗ, ಮರಿಮಾದ. ಮೂವತ್ತು ತುಂಬಿತ್ತು, ಮೀಸೆ ಬಂದಿತ್ತು, ಬುದ್ಧಿಯೊಂದು ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಹಾಲು ಉಕ್ಕೋದು ನೋಡ್ತಿರೋ" ಅಂದ್ರೆ ಉಕ್ಕಿ ಒಲೆ ಆರೋವರೆಗೂ ನೋಡೋನು. ಆಮೇಲೆ "ಚೆನ್ನಾಗಿ ಉಕ್ತು ಕಣವ್ವ" ಅನ್ನೋನು. ಚಿಕ್ಕತಾಯವ್ವ ತಲೆ ಚಚ್ಕೊಳ್ಳೋಳು.

ಆ ಸೀಮೇಲಿ ಹೆಣಗಳು ಎದ್ವು. ಯಾಕೆ ಎದ್ವು ಅಂತ ನನ್ನ ಕೇಳ್ಬೇಡಿ, ಎದ್ವು ಅಷ್ಟೆ. ಕಣ್ಣು ಬೆಳ್ಳಗೆ, ಬಾಯಿ ತೆರೆದೇ ಇರೋದು, ಕಂಡೋರನ್ನ ಕಚ್ಚೋದೊಂದೇ ಕೆಲಸ. ಕಚ್ಚಿಸ್ಕೊಂಡೋರೂ ಹಂಗೇ ಆಗೋರು. ಹಿಮ್ಮಡಿಗೆ ಕಚ್ಚಿದ್ರೆ ಮೂರು ದಿನ ಟೈಮು. ಕೈಗೆ ಕಚ್ಚಿದ್ರೆ ಎಲೆಅಡಿಕೆ ಹಾಕ್ಕೊಂಡು ಉಗಿಯೋಷ್ಟು ಹೊತ್ತು.

ತಾಯಿ ಮಗ ಓಡಿಹೋಗಿ ಬೆಲ್ಲ ಕಾಯಿಸೋ ಆಲೆಮನೆಯ ಅಟ್ಟ ಹತ್ತಿದ್ರು. ಹೆಣಗಳಿಗೆ ಏಣಿ ಹತ್ತೋಕೆ ಬರ್ತಿರಲಿಲ್ಲ. ಅಟ್ಟದ ಮೇಲೆ ಒಂದು ಮೂಟೆ ರಾಗಿ ಹಿಟ್ಟು, ಒಂದು ಮಂಕರಿ ಅಚ್ಚುಬೆಲ್ಲ ಇತ್ತು. ಆದರೆ ಹತ್ತುವಾಗ ಚಿಕ್ಕತಾಯವ್ವನ ಹಿಮ್ಮಡಿಗೆ ಒಂದು ಹೆಣ ಬಾಯಿ ಹಾಕೇಬಿಟ್ಟಿತ್ತು.

ಔಷಧಿ ಇತ್ತು ಅನ್ನಿ. ಕಾಲುವೆ ಆಚೆ, ನೀರಿನ ಟ್ಯಾಂಕಿನ ಮೇಲೆ ರೋಸಲಿನ್ ನರ್ಸಮ್ಮ ಹತ್ತಿ ಕೂತಿದ್ಳು. "ಮಾತ್ರೆ ಐತೆ, ಬಂದು ತಗೊಳ್ರಪ್ಪಾ!" ಅಂತ ಮೈಕಲ್ಲಿ ಕೂಗೋಳು. ಚಿಕ್ಕತಾಯವ್ವಂಗೆ ಕೇಳಿಸ್ತಿತ್ತು, ಆದ್ರೆ ಹೋಗೋಕೆ ಕಾಲು ನಡೀತಿರಲಿಲ್ಲ. ಸಾಯೋ ಭಯ ಅವಳಿಗಿರಲಿಲ್ಲ. "ಸತ್ತು ಎದ್ರೆ ಮೊದಲು ಕಚ್ಚೋದು ಪಕ್ಕದಲ್ಲಿರೋ ಇವನ್ನೇ ಅಲ್ವಾ, ನನ್ನಪ್ಪಾ ಮಾದೇಶ್ವರ!" ಅನ್ನೋದೇ ಅವಳ ಸಂಕಟ. ಇನ್ನೇನು ಮಾಡ್ತಾಳೆ? ಅವನನ್ನೇ ಕಳಿಸಿದ್ಳು.

"ಊಟ ಮಾಡಿದ್ಯೇನ್ಲಾ?"

"ಮಾಡ್ದೆ ಕಣವ್ವ. ಬೆಲ್ಲ ತಿಂದೆ."

"ಬೆಲ್ಲ ಊಟ ಅಲ್ಲ ಕಣ್ಲಾ, ಪೆದ್ದೆ! ಮುದ್ದೆ ನುಂಗು. ನುಂಗಿ ನೆಟ್ಟಗೆ ಹೋಗು, ಆ ಕಡೆ ಈ ಕಡೆ ನೋಡ್ಬೇಡ!"

ನೆಟ್ಟಗೆ ಹೋದ. ಸೇತುವೆ ಎಡಕ್ಕಿತ್ತು, ಇವನು ನೆಟ್ಟಗೆ ನೀರಿಗಿಳಿದ. ಹುಲ್ಲಿನ ಮೆದೆ ಅಡ್ಡ ಬಂತು, ಹತ್ತಿ ಇಳಿದ. ಒಂದು ಹೆಣ ಅಡ್ಡ ನಿಂತಿತ್ತು, ಅದನ್ನೂ ಗುದ್ಕೊಂಡೇ ಹೋದ. ಟ್ಯಾಂಕಿನ ಕಂಬ ಬಂತು. ಕಂಬಕ್ಕೆ ಮೂಗು ಒತ್ಕೊಂಡು ನಿಂತ. "ಯಾರಪ್ಪಾ ಅದು? ಇತ್ಲಾಗೆ ನೋಡಪ್ಪಾ!" ಅಂತ ನರ್ಸಮ್ಮ ಮೇಲಿಂದ ಗಂಟ್ಲು ಹರ್ಕೊಂಡ್ಳು. ನೋಡ್ತಾನಾ? ಅವ್ವ ಬೇಡ ಅಂದವ್ಳೆ! ಬಿಸಿಲು ಇಳಿಯೋವರೆಗೂ ನಿಂತಿದ್ದು ಬರಿಗೈಲಿ ವಾಪಸ್ ಬಂದ.

"ಅಯ್ಯೋ ಮಂಕು ಮುಂಡೇದೆ!" ಚಿಕ್ಕತಾಯವ್ವ ಬಾಯಿ ಬಡ್ಕೊಂಡ್ಳು. "ಒಂದಿನ ಹಾಳಾಯ್ತಲ್ಲೋ! ಜನ ಕಂಡ್ರೆ ನಿಂತು ಮಾತಾಡ್ಬೇಕು. ಊಟ ಆಯ್ತಾ ಅಂತ ಕೇಳ್ಬೇಕು. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಆಯ್ತು ಕಣವ್ವ, ಇನ್ಮೇಲೆ ಕೇಳ್ತೀನಿ."

ಎರಡನೇ ದಿನ. ಅವಳ ಕಾಲು ಮಂಡಿವರೆಗೂ ಕಪ್ಪಗಾಗಿತ್ತು. ಮರಿಮಾದ ಹೊರಟ. ಮೊದಲು ಸಿಕ್ಕಿದ್ದು ಬಸ್ ಕಂಡಕ್ಟರ್ ನಂಜಪ್ಪ. ಸತ್ತು ಎದ್ದಿದ್ದ, ಚರ್ಮದ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಊಟ ಆಯ್ತಾ ನಂಜಪ್ಪಣ್ಣ?"

ನಂಜಪ್ಪ ಬಾಯಿ ತೆರೆದ.

"ಆಗಿಲ್ವಾ? ಅಯ್ಯೋ ಪಾಪ! ಊಟ ಆಯ್ತಾ ಅಕ್ಕ? ನಿಮ್ದೂ ಆಗಿಲ್ವಾ? ನಿಮ್ದು ಆಯ್ತಾ ತಾತ?"

ಒಬ್ಬರದ್ದೂ ಆಗಿರಲಿಲ್ಲ. ಊಟಾನೇ ಬಾಯ್ಬಿಟ್ಟು ಮಾತಾಡಿಸ್ತಾ ಇದ್ರೆ ಯಾವ ಹೆಣ ಬಿಡ್ತದೆ ಹೇಳಿ? ನಲವತ್ತು ಹೆಣ ಹಿಂದೆ ಬಿದ್ವು. ಇವನು ಎದ್ನೋ ಬಿದ್ನೋ ಅಂತ ಓಡಿಬಂದು ಏಣಿ ಹತ್ತಿದ.

"ಅವ್ವ, ನಲವತ್ತು ಜನ ಬಂದವ್ರೆ! ಒಬ್ರಿಗೂ ಊಟ ಆಗಿಲ್ಲ!"

ಚಿಕ್ಕತಾಯವ್ವಂಗೆ ಎದ್ದು ಕೂರೋಕೂ ಆಗ್ತಿರಲಿಲ್ಲ. ಆದ್ರೂ ಬೈದ್ಳು. "ಕೇಳಿದ್ಯಲ್ಲ, ಇನ್ನು ನೀನೇ ಬಡಿಸು! ಮೂಟೆ ಬಿಚ್ಚಿ ಎಲ್ರಿಗೂ ಬಡಿಸೋ, ನನ್ನ ಹೊಟ್ಟೇಲಿ ಹುಟ್ಟಿದ ಪುಣ್ಯಾತ್ಮ!"

"ಆಯ್ತು ಕಣವ್ವ, ಬಡಿಸ್ತೀನಿ."

ಮೂರನೇ ದಿನ ಬೆಳಿಗ್ಗೆ. ಚಿಕ್ಕತಾಯವ್ವನ ಒಂದು ಕಣ್ಣು ಆಗಲೇ ಬೆಳ್ಳಗಾಗಿತ್ತು. ಮಗನ ಕೈಲಿ ತನ್ನನ್ನ ಅಟ್ಟದ ಕಂಬಕ್ಕೆ ಹಗ್ಗ ಹಾಕಿ ಬಿಗಿಸ್ಕೊಂಡ್ಳು. ಎಲ್ಲಿ ಅವನ ಮೇಲೇ ಎಗರಿಬಿಡ್ತೀನೋ ಅನ್ನೋ ಭಯ.

"ಮಗ, ಇವತ್ತೇ ಕಡೇ ದಿನ. ನನ್ನ ಮಾತು ಹಾಳಾಗ್ಲಿ, ನರ್ಸಮ್ಮ ಹೆಂಗೆ ಹೇಳ್ತಾಳೋ ಹಂಗೇ ಮಾಡು. ಒಂದಕ್ಷರ ಬಿಡ್ಬೇಡ. ಓಡು!"

ಮರಿಮಾದ ರಾಗಿ ಹಿಟ್ಟಿನ ಮೂಟೆ ಹೆಗಲಿಗೇರಿಸಿದ. ಏಣಿ ಮೇಲೆ ನಿಂತು ಬಡಿಸಿದ್ದೇ ಬಡಿಸಿದ್ದು! ತೆರೆದ ಬಾಯಿಗೆ ಒಂದೊಂದು ಬೊಗಸೆ. "ನಾಚ್ಕೋಬೇಡಿ, ತಿನ್ನಿ! ನಂಜಪ್ಪಣ್ಣ, ಇನ್ನೊಂಚೂರು!" ಮೂಟೆ ಖಾಲಿ. ಹಿಟ್ಟು ಕಣ್ಣಿಗೆ ಹೋಯ್ತು, ಮೂಗಿಗೆ ಹೋಯ್ತು, ಗಂಟ್ಲಿಗೆ ಮೆತ್ಕೊಳ್ತು. ಕಣ್ಣು ಕಾಣದೆ ಒಂದಕ್ಕೊಂದು ಡಿಕ್ಕಿ ಹೊಡ್ಕೊಂಡು ನಲವತ್ತೂ ಅಲ್ಲಲ್ಲೇ ಬಿದ್ವು. ಇವನು ಕೈ ಒರೆಸ್ಕೊಂಡು ಟ್ಯಾಂಕಿಗೆ ಓಡಿದ.

ನರ್ಸಮ್ಮ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಳು. ಮೂರು ಮಾತ್ರೆ.

"ಒಬ್ರಿಗೆ ಒಂದು ಸಾಕು. ನಿನ್ನ ಮುಖ ನೋಡಿದ್ರೆ ಎರಡು ಬೀಳಿಸೋ ಹಂಗಿದ್ದೀಯ, ಅದಕ್ಕೇ ಮೂರು. ಊಟ ಆದ ಮೇಲೆ ಕೊಡಪ್ಪಾ. ಖಾಲಿ ಹೊಟ್ಟೇಲಿ ಮಾತ್ರ ಬೇಡ!"

"ಊಟ ಆದ ಮೇಲೆ, ಊಟ ಆದ ಮೇಲೆ" ಅನ್ಕೊಂಡೇ ದಾರಿಯುದ್ದಕ್ಕೂ ಓಡಿಬಂದ. ಒಂದೂ ಬೀಳಿಸಲಿಲ್ಲ.

ಅಟ್ಟ ಹತ್ತಿ ನೋಡ್ತಾನೆ, ಅವ್ವನ ಎರಡು ಕಣ್ಣೂ ಬಿಳಿ. ಬಾಯಿ ತೆರೆದಿದೆ. ಹಗ್ಗ ಕಿತ್ಕೊಳ್ತಾ ಇದಾಳೆ.

"ಅವ್ವ, ಊಟ ಆಯ್ತಾ?"

"ಗರ್ರ್!"

"ಆಗಿಲ್ವಾ?" ಮರಿಮಾದ ಮೂಟೆ ಕೊಡವಿದ, ಒಂದು ಚಿಟಿಕೆ ಹಿಟ್ಟಿಲ್ಲ. ಬೆಲ್ಲ ಇದೆ, ಆದ್ರೆ ಬೆಲ್ಲ ಊಟ ಅಲ್ಲ. ಅವ್ವ ನೋಡ್ತಿರೋದು ಇವನ ಕೈಯನ್ನೇ. ತುಂಬಾ ಯೋಚನೆ ಮಾಡಿದ, ಪಾಪ. ಆಮೇಲೆ ಅಂಗಿ ತೋಳು ಮಡಿಸಿ ಎಡಗೈ ಅವಳ ಬಾಯಿಗೆ ಕೊಟ್ಟ.

"ಅಯ್ಯಯ್ಯಪ್ಪಾ! ಸಾಕಾ ಅವ್ವ? ಆಯ್ತಾ ಊಟ? ತಗೋ, ಈಗ ಮಾತ್ರೆ."

ಮಾತ್ರೆ ಒಳಗೆ ಹೋಯ್ತು. ಅವಳ ಕಣ್ಣು ತಿಳಿಯಾಯ್ತು. ಮಗ ಹಗ್ಗ ಬಿಚ್ಚಿದ. "ಬಂದ್ಯಾ ಮಗ?" ಅಂದೋಳು ಅವನ ಕೈ ನೋಡಿದ್ಳು. ತನ್ನ ಬಾಯಿ ಒರೆಸ್ಕೊಂಡು ನೋಡಿದ್ಳು. ಕೆಂಪಗಿತ್ತು.

"ಅಯ್ಯೋ ನನ್ನ ಕಂದಾ! ನುಂಗೋ, ಮಾತ್ರೆ ನುಂಗೋ!"

"ನಂದಿನ್ನೂ ಊಟ ಆಗಿಲ್ಲ ಕಣವ್ವ."

"ರಾಗಿ ಎಲ್ಲಿ?"

"ಬಡಿಸ್ಬಿಟ್ನಲ್ಲ!"

"ಬೆಲ್ಲ ತಿನ್ನೋ!"

"ಬೆಲ್ಲ ಊಟ ಅಲ್ಲ ಅಂತ ನೀನೇ ಅಂದ್ಯಲ್ಲ!"

ಮೂಗು ಹಿಡಿದು ಮಾತ್ರೇನ ಬಾಯಿಗೆ ತುರುಕಿದ್ಳು. ಉಗಿದು, ಒರೆಸಿ, ಜೋಪಾನವಾಗಿ ಜೇಬಿಗೆ ಹಾಕ್ಕೊಂಡ. ಬೈದ್ಳು, ಕಾಲು ಹಿಡಿದ್ಳು, ಬೆನ್ನಿಗೆ ನಾಲ್ಕು ಗುದ್ದಿದ್ಳು. ಊಹೂಂ. ನರ್ಸಮ್ಮ ಹೇಳವ್ಳೆ, ಒಂದಕ್ಷರ ಬಿಡೋ ಹಂಗಿಲ್ಲ. ಅವನ ಬೆರಳು ನೀಲಿಗಟ್ಟಿದ್ವು. ಒಂದು ಕಣ್ಣು ಬೆಳ್ಳಗಾಯ್ತು.

"ಅವ್ವ, ಯಾಕೋ ನಿನ್ನ ನೋಡ್ತಿದ್ರೆ ಹಸಿವಾಗ್ತದೆ" ಅಂದ.

ಚಿಕ್ಕತಾಯವ್ವ ಬುದ್ಧಿವಂತೆ. ಊರಲ್ಲಿ ನಾಲ್ಕು ಜನ ಅವಳ ಮಾತು ಕೇಳೋರು. ಎರಡು ಮಾತ್ರೆ ಉಳಿದಿದೆ, ಅವನಿಗೊಂದು ನನಗೊಂದು ಅನ್ಕೊಂಡ್ಳು. ಬಳೆ ಮೇಲಕ್ಕೆ ಸರಿಸಿ ಕೈ ಚಾಚಿದ್ಳು.

"ತಗೊಳ್ಳೋ. ಊಟ ಮಾಡು."

"ನಿಂಗೆ ನೋವಾಗಲ್ವಾ?"

"ತಿನ್ನೋ ಪೆದ್ದೆ!"

ತಿಂದ. ಮೀಸೆ ಒರೆಸ್ಕೊಂಡ. "ಊಟ ಆಯ್ತು ಕಣವ್ವ" ಅಂತ ಜೇಬಿಂದ ಮಾತ್ರೆ ತೆಗೆದು ತಾನೇ ನುಂಗಿದ. ಕಣ್ಣು ತಿಳಿಯಾಯ್ತು, ಬೆರಳಿಗೆ ರಕ್ತ ಬಂತು. ಚಿಕ್ಕತಾಯವ್ವ ಉಸ್ಸಪ್ಪಾ ಅಂತ ಕೂತ್ಳು, ಮೂರನೇ ಮಾತ್ರೆ ನಾಲಿಗೆ ಮೇಲೆ ಇಟ್ಕೊಂಡ್ಳು.

ಮರಿಮಾದ ಕಿಟಾರಂತ ಕಿರುಚಿದ. "ಅವ್ವಾ! ಖಾಲಿ ಹೊಟ್ಟೆ!"

ಅವಳು ನುಂಗೋದರೊಳಗೆ, ಇದ್ದ ಒಂದೇ ಒಳ್ಳೇ ಕೈ, ಆ ಬಲಗೈಯನ್ನ ಅವಳ ಬಾಯಿಗೆ ತುರುಕಿದ. "ಮೊದ್ಲು ಕಚ್ಚವ್ವ, ನಾಚ್ಕೋಬೇಡ!"

ಮಾತ್ರೆಯನ್ನ ಕೈ ಸಂದೀಲೇ ಹೆಂಗೋ ನುಂಗಿದ್ಳು, ಮಹಾತಾಯಿ. ಕಣ್ಣಲ್ಲಿ ಬಳಬಳ ನೀರು. ಹುಟ್ಟಿದಾಗಿಂದ ಬೈದಿದ್ದನ್ನೆಲ್ಲ ಒಟ್ಟಿಗೆ ಬೈಯೋಣ ಅಂದ್ರೆ, ಬಾಯಿ ತುಂಬಾ ಮಗನ ಕೈ.